ಕಾರಿನ ಕೆಳಗಿನ ಕೆಂಪು ನೀರು

ನನ್ನ ಅಪ್ಪ ನನಗೆ ಬಿಟ್ಟುಹೋದದ್ದು ಎರಡೇ ವಸ್ತು. ಒಂದು ಕೈಗಡಿಯಾರ, ಅದು ನಡೆಯುವುದಿಲ್ಲ. ಇನ್ನೊಂದು ಬೂದು ಬಣ್ಣದ ಸಣ್ಣ ಕಾರು, ಅದು ಮನಸ್ಸು ಬಂದಾಗ ನಡೆಯುತ್ತದೆ. ಗಡಿಯಾರ ಬೀರುವಿನಲ್ಲಿದೆ. ಕಾರು ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದೆ, ರಂಗೋಲಿ ಹಾಕುವ ಜಾಗವನ್ನು ಅರ್ಧ ನುಂಗಿಕೊಂಡು ನಿಂತಿರುತ್ತದೆ. ಆ ಅರ್ಧ ಜಾಗದ ವಿಷಯಕ್ಕೆ ನಾನು ಈ ಮನೆಯಲ್ಲಿ ಎಷ್ಟು ಮಾತು ಕೇಳಿದ್ದೇನೆ, ಎಷ್ಟು ಆಡಿದ್ದೇನೆ ಎಂದು ಹೇಳಲಾರೆ. ಆಡಿದ್ದೇ ಹೆಚ್ಚಿರಬೇಕು, ನನ್ನ ಬಾಯಿ ಅಂಥದ್ದು.

ಅಪ್ಪ ತ್ಯಾಮಗೊಂಡ್ಲು ಕಡೆಯವನು. ಮೂವತ್ತು ವರ್ಷ ಲಾರಿ ಓಡಿಸಿದ. ಇಲ್ಲಿನ ದ್ರಾಕ್ಷಿ ಮದರಾಸಿಗೆ, ಅಲ್ಲಿಂದ ಏನು ಸಿಕ್ಕರೆ ಅದು ಇಲ್ಲಿಗೆ. ಊರಿಗೆ ಬಂದ ದಿನ ಹುಣಸೆಮರದ ಕೆಳಗೆ ಲಾರಿ ನಿಲ್ಲಿಸಿ ಇಳಿದರೆ ಮೊದಲು ಮನೆಯೊಳಗೆ ಬರುತ್ತಿರಲಿಲ್ಲ, ಲಾರಿಯ ಅಡಿಗೆ ಬಗ್ಗುತ್ತಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಹಾಗಾಗಿ ಅಪ್ಪ ಊರಲ್ಲಿದ್ದಷ್ಟು ಹೊತ್ತು ನಾನು ಅವನ ಬೆನ್ನು ಬಿಡುತ್ತಿರಲಿಲ್ಲ. ಅವನು ಬಗ್ಗಿದರೆ ನಾನೂ ಬಗ್ಗುತ್ತಿದ್ದೆ.

ನೆಲಕ್ಕೆ ಬಿದ್ದ ಒಂದೊಂದು ತೊಟ್ಟಿಗೂ ಅಪ್ಪನ ಹತ್ತಿರ ಒಂದು ಪಾಠವಿತ್ತು. ಕಪ್ಪಗೆ ಬೆರಳಿಗೆ ಮೆತ್ತಿಕೊಂಡರೆ ಇಂಜಿನ್ ಆಯಿಲ್. ಹಸಿರಾಗಿದ್ದು ಸಿಹಿ ವಾಸನೆ ಬಂದರೆ ರೇಡಿಯೇಟರಿನದು. ತಿಳಿಯಾಗಿ, ಜಿಡ್ಡಾಗಿ, ಚಕ್ರದ ಹತ್ತಿರ ಬಿದ್ದಿದ್ದರೆ ಬ್ರೇಕ್ ಆಯಿಲ್, ಆಗ ಗಾಡಿ ಒಂದು ಗೇಣೂ ಅಲ್ಲಾಡಬಾರದು. ಕೆಂಪಗಿರುವುದು ಸ್ಟೀರಿಂಗಿನದು ಎಂಬ ಪಾಠವನ್ನು ಕಾರು ಬಂದ ಮೇಲೆ ಸೇರಿಸಿದ. ಒಂದು ಸಲ ಲಾರಿಯ ಕೆಳಗೆ ಒದ್ದೆ ಕಂಡ ಕೂಡಲೇ ನಾನು ಬೀದಿನಾಯಿಗೆ ಕಲ್ಲು ಬೀಸಿದ್ದೆ. ಅಪ್ಪ ನನ್ನ ಕೈ ಹಿಡಿದು, ಬೆರಳನ್ನು ಆ ಒದ್ದೆಯಲ್ಲಿ ಅದ್ದಿ, ಮೂಗಿನ ಹತ್ತಿರ ತಂದ. ಡೀಸೆಲ್.

"ಮೊದ್ಲು ಮುಟ್ಟು, ಆಮೇಲೆ ಮೂಸು. ಬೈಯೋದು ಕೊನೇಗೆ ಕಣವ್ವಾ," ಅಂದ. "ಏನೂ ಗೊತ್ತಾಗ್ಲಿಲ್ಲ ಅಂದ್ರೆ ಒಂದು ಗಳಿಗೆ ಸುಮ್ನಿರು. ನೀರು ಒಣಗ್ತದೆ, ಎಣ್ಣೆ ಒಣಗಲ್ಲ."

ಮುಟ್ಟುವುದನ್ನೂ ಮೂಸುವುದನ್ನೂ ಕಲಿತೆ. ಬೈಯುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಮಾತ್ರ ಬರಲೇ ಇಲ್ಲ. ಮುಂದೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದ ಮೇಲೆ ಆ ಗುಣಕ್ಕೆ ಸಂಬಳವೂ ಬರತೊಡಗಿತು.

ನನ್ನ ಮದುವೆಯಾದ ವರ್ಷವೇ ಅಪ್ಪ ಲಾರಿ ಬಿಟ್ಟು ಈ ಕಾರನ್ನು ತೆಗೆದುಕೊಂಡ. ಯಾರೋ ಓಡಿಸಿ ಬಿಟ್ಟದ್ದು, ಆದರೆ ಅವನ ಪಾಲಿಗೆ ಹೊಸತು. ತ್ಯಾಮಗೊಂಡ್ಲಿಗೆ ಹೋಗದೆ ಸೀದಾ ನಮ್ಮ ಮನೆಗೆ ತಂದು ನಿಲ್ಲಿಸಿದ. "ನಮ್ಮನೇಲಿ ಆರತಿ ಎತ್ತೋರು ಯಾರವ್ರೆ? ಅದಕ್ಕೇ ಇಲ್ಲಿಗೇ ತಂದೆ," ಅಂದ. ನಾನು ರೇಷ್ಮೆ ಸೀರೆ ಉಟ್ಟು, ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡಿ, ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದೆ. ಅಕ್ಕಪಕ್ಕದ ಹೆಂಗಸರೂ ಬಂದು ನಿಂತಿದ್ದರು. ಅಪ್ಪ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ನೋಡಿದ. ಮಾವ ತೀರಿಕೊಂಡು ಆಗಿನ್ನೂ ಎರಡು ವರ್ಷ. ಅತ್ತೆ ನಡುಮನೆಯ ಕಂಬದ ಹಿಂದೆ ನಿಂತಿದ್ದರು.

"ಅಕ್ಕಾ, ನೀವು ಬೆಳಗಿ," ಅಂದ ಅಪ್ಪ.

ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡರು. ಅತ್ತೆ ಬಂದರು, ಬೆಳಗಿದರು, ನೀರು ಚೆಲ್ಲಿ ಒಳಗೆ ಹೋದರು. ನನಗೆ ಉರಿದುಹೋಯಿತು. ನನ್ನ ಅಪ್ಪನ ಕಾರು, ನಾನು ಉಟ್ಟ ಸೀರೆ, ನಾನು ಕಲಸಿದ ನೀರು! ಮಗಳನ್ನು ಕೊಟ್ಟ ಮನೆಯಲ್ಲಿ ಬೀಗಿತ್ತಿಗೆ ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡೆ. ಅದನ್ನು ಅಪ್ಪನಿಗೆ ಹೇಳಿಯೂ ಹೇಳಿದೆ. ಅವನು ನಕ್ಕು, "ಆಗ್ಲಿ ಬಿಡು, ನಿಂಗೆ ಇನ್ನೂ ಬೇಕಾದಷ್ಟು ಆರತಿ ಇದೆ," ಅಂದ.

ಅಪ್ಪ ಹೋಗಿ ಈಗ ಮೂರು ವರ್ಷ. ಕಾರು ನನಗೆ ಬಂತು. ಅದರ ಬಾಗಿಲು ತೆಗೆದರೆ ಇವತ್ತಿಗೂ ಬೀಡಿ ಮತ್ತು ವಿಭೂತಿಯ ವಾಸನೆ ಬರುತ್ತದೆ. ಕನ್ನಡಿಯ ಹಿಂದೆ ಅವನು ಸಿಕ್ಕಿಸಿಟ್ಟ ಬಾಚಣಿಗೆ ಹಾಗೇ ಇದೆ. ರಾಜಘಟ್ಟದ ಕಡೆಯಿರುವ ನಮ್ಮ ಶಾಲೆಗೆ ದಿನಾ ಅದರಲ್ಲೇ ಹೋಗಿ ಬರುತ್ತೇನೆ. ದಾರಿಯಲ್ಲಿ ಯಾರೂ ಇಲ್ಲದಿದ್ದರೆ ಒಂದೆರಡು ಮಾತೂ ಆಡುತ್ತೇನೆ. ನಗುವವರು ನಗಲಿ.

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಅದು ದಾರಿಯ ಮಧ್ಯೆ ಹೊಗೆ ಕಾರಿ ನಿಂತಿತು. ಬೈಪಾಸಿನ ಹತ್ತಿರದ ಗ್ಯಾರೇಜಿಗೆ ಎಳೆದುಕೊಂಡು ಹೋದರು. ವಾಟರ್ ಪಂಪು, ಬೆಲ್ಟು, ಇನ್ನೂ ಏನೇನೋ ಬದಲಾಯಿಸಿ ಎಂಟು ದಿನ ಇಟ್ಟುಕೊಂಡರು. ನನ್ನ ಗಂಡ ಕಾರ್ಖಾನೆಯ ಕೆಲಸದವರು, ಯಂತ್ರ ಹಳೆಯದಾದರೆ ತೆಗೆದು ಹಾಕಬೇಕು ಎನ್ನುವ ಜಾತಿ. ಕಾರು ವಾಪಸ್ಸು ಬಂದ ದಿನ ಬೈಕಿನ ಮೇಲೆ ಕೂತೇ ತೀರ್ಪು ಕೊಟ್ಟರು.

"ನೋಡು, ಇದೇ ಕೊನೆ. ಇನ್ನೊಂದು ತೊಟ್ಟು ಕೆಳಗೆ ಬಿತ್ತೋ, ಸೀದಾ ಗುಜರಿಗೆ. ಆಮೇಲೆ ಅತ್ಕೊಂಡು ಕೂರ್ಬೇಡ."

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ನಾನು ದನಿ ಎತ್ತಿ, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಆದರೆ ಒಳಗೆ ಭಯವಾಗಿತ್ತು. ನನ್ನ ಗಂಡ ಒರಟಲ್ಲ, ಆದರೆ ಒಮ್ಮೆ ಅಂದದ್ದನ್ನು ಮಾಡಿಬಿಡುತ್ತಾರೆ. ಆ ಬಾಗಿಲು, ಆ ವಾಸನೆ, ಆ ಬಾಚಣಿಗೆ ಗುಜರಿಯವನ ಸುತ್ತಿಗೆಗೆ ಸಿಗುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅದೇ ಸಂಜೆ ಕಾರಿನ ಕೆಳಗೆ ಒದ್ದೆ ಕಂಡಿತು. ಕಂಡವರು ಅವರೇ. "ಬಂತು ನೋಡು," ಅಂದರು. ನಾನು ಬಗ್ಗಿ ಬೆರಳಿಟ್ಟೆ. ಜಿಡ್ಡಿಲ್ಲ, ವಾಸನೆಯಿಲ್ಲ. ಗ್ಯಾರೇಜಿನವರು ತೊಳೆದು ಕಳಿಸಿದ್ದ ನೀರು. ಅರ್ಧ ಗಂಟೆಯಲ್ಲಿ ಒಣಗಿಯೂ ಹೋಯಿತು. ಅವರನ್ನು ಕರೆದು ಆ ಒಣನೆಲ ತೋರಿಸಿದಾಗ ನನಗಾದ ಖುಷಿ ಸಣ್ಣದಲ್ಲ. ಅಪ್ಪ ಪಕ್ಕದಲ್ಲೇ ನಿಂತಿದ್ದಾನೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಎದ್ದು ಬಂದರೆ ಕಾರಿನ ಮುಂದಿನ ಚಕ್ರಗಳ ನಡುವೆ ಕೆಂಪಗೆ ಒಂದು ಮಡು. ಬಗ್ಗಲು ಹೋದೆ. ಅಷ್ಟರಲ್ಲಿ ಅತ್ತೆ ಖಾಲಿ ಚೊಂಬು ಹಿಡಿದು ಒಳಗೆ ಹೋಗುತ್ತಿದ್ದದ್ದು ಕಂಡಿತು.

"ದೃಷ್ಟಿ ತೆಗ್ದೆ ಕಣಮ್ಮ. ಎಂಟು ದಿನ ಆ ಗ್ಯಾರೇಜಲ್ಲಿ ಬಿದ್ದಿತ್ತಲ್ಲ, ಯಾರ್ಯಾರ ಕಣ್ಣು ಬಿತ್ತೋ. ತುಳೀಬೇಡ, ಸುತ್ಕೊಂಡು ಹೋಗು."

ಸರಿ, ರಿಪೇರಿಯಾಗಿ ಬಂದ ಗಾಡಿಗೆ ದೃಷ್ಟಿ ತೆಗೆಯುವುದು ಇದ್ದದ್ದೇ. ಆದರೆ ಮಾರನೆಯ ದಿನವೂ ಕೆಂಪು ನೀರು. ಅದರ ಮಾರನೆಯ ದಿನವೂ. ಎದುರುಮನೆಯವರ ಕಣ್ಣು ಸರಿಯಿಲ್ಲ ಎಂದು ಒಂದು ದಿನ, ಶನಿವಾರ ಎಂದು ಒಂದು ದಿನ, ಅಮಾವಾಸ್ಯೆ ಹತ್ತಿರ ಬಂತು ಎಂದು ಒಂದು ದಿನ. ನಮ್ಮ ಅತ್ತೆ ಹಾಗೆಲ್ಲ ಮಡಿ ಮೈಲಿಗೆ ಎಂದು ಒದ್ದಾಡುವವರಲ್ಲ. ವಯಸ್ಸಾಯಿತು, ಹೀಗೆಲ್ಲ ಶುರುವಾಯಿತು ಎಂದುಕೊಂಡೆ.

ನನ್ನ ತಲೆನೋವು ಬೇರೆ. ಗ್ಯಾರೇಜಿನಿಂದ ಬಂದ ಗಾಡಿಯನ್ನು ಒಂದು ವಾರ ಕೆಳಗಿನಿಂದ ನೋಡಬೇಕು ಎನ್ನುವುದು ಅಪ್ಪನ ಕಟ್ಟಳೆ. ನೋಡಲು ನನಗೆ ನೆಲವೇ ಸಿಗುತ್ತಿರಲಿಲ್ಲ, ಬರೀ ಅತ್ತೆಯ ಕೆಂಪು. ಒಂದು ದಿನ ಹಳೆಯ ಟಿವಿಯ ರಟ್ಟಿನ ಪೆಟ್ಟಿಗೆ ಬಿಚ್ಚಿ ಕಾರಿನ ಕೆಳಗೆ ಹಾಸಿ, ಒಳಗೆ ಹೋಗಿ ಮಲಗಿದೆ. ಏನೇ ಬಿದ್ದರೂ ರಟ್ಟು ಸಾಕ್ಷಿ ಹೇಳುತ್ತದೆ. ಬೆಳಿಗ್ಗೆ ನೋಡಿದರೆ ರಟ್ಟಿಗೆ ರಟ್ಟೇ ಕೆಂಪು ನೀರಲ್ಲಿ ನೆನೆದು ಮುದ್ದೆಯಾಗಿತ್ತು. ನನ್ನ ಸಿಟ್ಟು ನೆತ್ತಿಗೇರಿತು.

"ಅತ್ತೆ, ಇದು ಕಾರು, ಮದುವಣಗಿತ್ತಿ ಅಲ್ಲ! ದಿನಾ ಹಿಂಗೆ ನೀರು ಹುಯ್ದ್ರೆ ಏನಾದ್ರೂ ಸೋರ್ತಾ ಇದ್ಯೋ ಇಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು? ನಮ್ಮಪ್ಪನ ಗಾಡಿ ಉಳೀಬೇಕು ಅಂತ ನಾನು ಒದ್ದಾಡ್ತಾ ಇದ್ರೆ, ನಿಮ್ಗೆ ಚೊಂಬಿಂದೇ ಚಿಂತೆ!"

ಬೀದಿಯ ಕಡೆಯ ಮಗ್ಗದ ಮನೆಯ ಸದ್ದಿನ ಮೇಲೂ ನನ್ನ ದನಿ ಕೇಳಿಸಿರಬೇಕು, ಎದುರುಮನೆಯ ಕಿಟಕಿ ತೆರೆಯಿತು. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು.

"ಏನೂ ಸೋರ್ತಾ ಇಲ್ಲ ಬಿಡಮ್ಮ. ಎಲ್ಲಾ ನನ್ನ ನೀರೇ," ಅಂದರು. ಅಷ್ಟೇ.

ಈಗ ಹೇಳಲು ನಾಚಿಕೆಯಾಗುತ್ತದೆ. ಮಕ್ಕಳಿಗೆ ಪ್ರಮೇಯ ಸಾಧಿಸುವುದನ್ನು ಕಲಿಸುವವಳು ನಾನು. ಆ ಒಂದು ವಾರದಲ್ಲಿ ಒಮ್ಮೆಯಾದರೂ ಬಗ್ಗಿ ಆ ಕೆಂಪಿಗೆ ಬೆರಳು ಇಡಲಿಲ್ಲ. ದೃಷ್ಟಿ ನೀರನ್ನು ಮುಟ್ಟಬಾರದು, ದಾಟಬಾರದು. ಅದು ಯಾರೂ ಹೇಳಿಕೊಡದೆಯೇ ಕಾಲಿಗೆ ಬಂದಿರುವ ಪಾಠ. ಸೀರೆ ಎತ್ತಿ ಹಿಡಿದು ಸುತ್ತಿಕೊಂಡು ಹೋಗಿ ಕಾರು ಹತ್ತುತ್ತಿದ್ದೆ. ನನ್ನ ಗಂಡನೂ ಅಷ್ಟೇ, ಬೈಕನ್ನು ಎರಡು ಮಾರು ದೂರ ತಳ್ಳಿಕೊಂಡು ಹೋಗಿ ಶುರು ಮಾಡುತ್ತಿದ್ದರು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಶಾಲೆಯ ಗೇಟಿನ ಹತ್ತಿರ ತಿರುಗಿಸುವಾಗ ಸ್ಟೀರಿಂಗು ಬಿಗಿಯಾಯಿತು. ಮುಂದಿನಿಂದ ಎಮ್ಮೆ ನರಳಿದಂತೆ ಒಂದು ಸದ್ದು. ಎಳೆದಾಡಿ ಹೊಂಗೆಮರದ ಕೆಳಗೆ ನಿಲ್ಲಿಸಿ ಕ್ಲಾಸಿಗೆ ಹೋದೆ. ಎರಡು ಪೀರಿಯಡ್ ಮುಗಿಸಿ ಬಂದು ಬಗ್ಗಿ ನೋಡಿದೆ. ಮಣ್ಣಿನ ಮೇಲೆ ಬಾದಾಮಿಯಷ್ಟು ಅಗಲದ ಒಂದು ಕೆಂಪು ಕಲೆ ಇತ್ತು. ಅಲ್ಲಿ ನಮ್ಮ ಅತ್ತೆ ಇರಲಿಲ್ಲ.

ಕೈಯಲ್ಲಿದ್ದ ಹಳೆಯ ಪ್ರಶ್ನೆಪತ್ರಿಕೆಯನ್ನು ಮಗುಚಿ ಕೆಳಗೆ ತಳ್ಳಿ, ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಎಷ್ಟೋ ವರ್ಷದ ಮೇಲೆ ಹಾಗೆ ಕೂತಿದ್ದೆ, ಮಂಡಿ ಲಟಲಟ ಅಂದಿತು. ತೊಟ್ಟು ಬಿತ್ತು. ಬಿಳಿಯ ಹಾಳೆಯ ಮೇಲೆ ಕೆಂಪಗೆ ಹರಡಿತು. ಬೆರಳಿಟ್ಟೆ, ಹೆಬ್ಬೆರಳಿಗೆ ತಿಕ್ಕಿದೆ. ಜಾರಿತು. ಮೂಸಿದೆ. ಸುಣ್ಣವಲ್ಲ, ಅರಿಶಿನವಲ್ಲ, ಮಷೀನಿನ ಎಣ್ಣೆಯ ವಾಸನೆ. ಸ್ಟೀರಿಂಗಿನದು. ಊಟದ ಬೆಲ್ಲು ಹೊಡೆಯುವವರೆಗೂ ಕಾದೆ. ಕಲೆ ಇನ್ನೂ ದೊಡ್ಡದಾಗಿತ್ತೇ ಹೊರತು ಒಣಗಲಿಲ್ಲ.

ಹಾಗಾದರೆ ಮನೆಯ ಮುಂದೆ ಇಷ್ಟು ದಿನ ನಾನು ಸುತ್ತಿಕೊಂಡು ಹೋದದ್ದು ಯಾವ ಕೆಂಪನ್ನು?

ಸಂಜೆ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ. ಅತ್ತೆ ಜಗಲಿಯ ಮೇಲೆ ಅದೇ ಅವರೆಕಾಯಿಯ ಮೊರ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಪ್ರಶ್ನೆಪತ್ರಿಕೆ ಹರವಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು.

"ಮೊದಲ್ನೇ ದಿನವೇ ಗೊತ್ತಾಯ್ತು," ಅಂದರು. "ಬೆಳಿಗ್ಗೆ ನೀರು ಹಾಕಿ ಗುಡಿಸ್ತೀನಿ, ಎಣ್ಣೆ ತೇಲ್ತಾ ಇದೆ. ರಂಗೋಲಿ ಪುಡಿ ನಿಲ್ತಾ ಇಲ್ಲ. ಬೂದಿ ಹಾಕಿ ತಿಕ್ದೆ, ಹೋಗ್ಲಿಲ್ಲ. ಇವ್ನು ಇನ್ನೇನು ಎದ್ದು ಬರ್ತಾನೆ. ಇನ್ನೊಂದು ತೊಟ್ಟು ಬಿದ್ರೆ ಗುಜರಿಗೆ ಅಂದಿದ್ನಲ್ಲ. ಕೆಂಪಿನ ಮೇಲೆ ಕೆಂಪು ಹುಯ್ದ್ರೆ ಯಾರು ಮುಟ್ಟಿ ನೋಡ್ತಾರೆ ಅಂತ ಹುಯ್ದೆ."

"ನನಗಾದ್ರೂ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ಊರಿಗೇ ಹೇಳ್ದಂಗೆ. ಸಿಟ್ಟು ಬಂದ್ರೆ ನಿನ್ನ ಬಾಯಲ್ಲಿ ಏನು ನಿಲ್ತದೆ?"

ಅದು ನಿಜ, ಅದಕ್ಕೆ ಇನ್ನೂ ಸಿಟ್ಟು ಬಂತು. "ಬ್ರೇಕಿಂದಾಗಿದ್ದಿದ್ರೆ? ನಾನು ದಿನಾ ಅದ್ರಲ್ಲೇ ಓಡಾಡ್ತೀನಿ ಅತ್ತೆ!"

"ಕೆಂಪಗಿರೋದು ಸ್ಟೀರಿಂಗಿಂದು, ಬ್ರೇಕಿಂದು ತಿಳಿಯಾಗಿರ್ತದೆ ಅಂತ ಬೀಗ್ರು ಇಲ್ಲೇ ಕೂತ್ಕೊಂಡು ಹೇಳ್ಲಿಲ್ವಾ? ನೀನೊಬ್ಳೇನಾ ಕೇಳಿಸ್ಕೊಂಡಿರೋದು? ತಿಳಿಯಾಗಿದ್ದಿದ್ರೆ ಆವತ್ತೇ ಕಿರುಚ್ತಿದ್ದೆ."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ನಗು ಬಂತು, ತಡೆದುಕೊಂಡೆ. ಕೊನೆಗೆ ಕೇಳಿದೆ, "ಅದು ನಮ್ಮಪ್ಪನ ಗಾಡಿ, ನಂಗೆ ಸಂಕಟ. ನಿಮ್ಗೇನು ಅತ್ತೆ ಅದ್ರ ಮೇಲೆ ಅಷ್ಟು? ರಂಗೋಲಿ ಜಾಗ ತಿಂತು ಅಂತ ನೀವೇ ತಾನೆ ಬೈತಿದ್ರಿ?"

ಅತ್ತೆ ಮೊರದಲ್ಲಿದ್ದ ಕಾಳಿನ ಮೇಲೆ ಕೈಯಾಡಿಸಿದರು.

"ನಿಮ್ಮಾವ ಹೋದ್ಮೇಲೆ ಈ ಮನೇಲಿ ನನ್ನ ಕೈಗೆ ಆರತಿ ತಟ್ಟೆ ಬಂದಿದ್ದು ಒಂದೇ ಸಲ ಕಣಮ್ಮ. ಬೀಗ್ರು ಆ ಗಾಡಿ ತಂದ ದಿನ. ಎಲ್ಲಾರ ಮುಂದೆ ಅಕ್ಕಾ ಅಂತ ಕರ್ದು ಕೊಟ್ರು. ಅದಕ್ಕೆ ಮುಂಚೆನೂ ಇಲ್ಲ, ಆಮೇಲೂ ಇಲ್ಲ. ಅದು ಈ ಬಾಗ್ಲಲ್ಲಿ ನಿಂತಿದ್ರೆ ನಂಗೊಂಥರಾ... ನಾನು ಬೆಳಗಿದ ಗಾಡಿಗೆ ಕೆಟ್ಟದ್ದಾಗ್ಲಿಲ್ಲ, ಇಷ್ಟು ವರ್ಷ ಓಡ್ತು ಅಂತ."

ಆಮೇಲೂ ಇಲ್ಲ. ಆ ಮಾತು ಅವರು ನನ್ನ ಮೇಲೆ ಎಸೆದದ್ದಲ್ಲ, ಆದರೆ ನನಗೇ ಬಂದು ತಗುಲಿತು. ಮನೆಯ ಮೇಲೆ ಎರಡು ರೂಮು ಕಟ್ಟಿಸಿದಾಗ ಐದು ಜನ ಮುತ್ತೈದೆಯರನ್ನು ಕರೆದವಳು ನಾನು. ಮಗಳಿಗೆ ಆರತಿ ಮಾಡುವಾಗ, "ಅತ್ತೆ, ನೀವು ಒಳಗೆ ಪಾಯಸ ನೋಡ್ಕೊಳ್ಳಿ," ಎಂದವಳು ನಾನು. ಬಾಯಿತುಂಬ ಸಮಾನತೆಯ ಭಾಷಣ ಮಾಡುವವಳು, ಆ ಕೆಂಪು ನೀರನ್ನು ಸುತ್ತಿಕೊಂಡು ಹೋದ ಹಾಗೆಯೇ ಇವರನ್ನೂ ಹದಿನೆಂಟು ವರ್ಷ ಸುತ್ತಿಕೊಂಡು ಹೋಗಿದ್ದೆ. ಬೆಣ್ಣೆ ಹಚ್ಚುತ್ತಿದ್ದಾನೆ ಎಂದು ನಾನು ಅಂದಾಗ ಅಪ್ಪ ಏಕೆ ನಕ್ಕ ಎಂದು ಆವತ್ತು ಗೊತ್ತಾಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಲಾರಿ ಡ್ರೈವರು ನನಗಿಂತ ಮೊದಲು ಮುಟ್ಟಿ ನೋಡಿದ್ದ. ಅಳು ಬಂತು, ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಅವರಿಗೆ ಗಾಬರಿಯಾಗಿ, "ಕಾರು ಸರಿಹೋಗ್ತದೆ ಬಿಡು," ಎಂದು ಸಮಾಧಾನ ಮಾಡಿದರು.

ಕಾರು ಸರಿಹೋಯಿತು. ಬೆಲ್ಟು ಹಾಕುವಾಗ ಬಿಚ್ಚಿದ್ದ ಸ್ಟೀರಿಂಗಿನ ಪೈಪಿಗೆ ಕ್ಲಿಪ್ಪನ್ನು ಸರಿಯಾಗಿ ಬಿಗಿದಿರಲಿಲ್ಲ, ಅಷ್ಟೇ. ಗ್ಯಾರೇಜಿನ ಮೇಸ್ತ್ರಿ ನನ್ನ ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ನೋಡಿ, "ಯಾರು ಮೇಡಂ ನಿಮ್ಗೆ ಹಿಂಗೆ ನೋಡಕ್ಕೆ ಕಲ್ಸಿದ್ದು?" ಅಂದ. ಹೇಳಿದೆ. ನನ್ನ ಗಂಡನಿಗೂ ಎಲ್ಲವನ್ನೂ ಹೇಳಿದೆ. ಅವರು ತಮ್ಮ ತಾಯಿಯ ಕಡೆ ನೋಡಿದರು, ನೆಲ ನೋಡಿದರು, ಆಮೇಲೆ, "ನಾನು ಸುಮ್ನೆ ಬಾಯ್ಮಾತಿಗೆ ಅಂದಿದ್ದು," ಅಂದರು. ಅವರು ಬಾಯಿಮಾತಿಗೆ ಅಂದದ್ದಕ್ಕೆ ಇಬ್ಬರು ಹೆಂಗಸರು ಹತ್ತು ದಿನ ಕಾರಿನ ಅಡಿ ಕಾದಿದ್ದೆವು.

ಭಾನುವಾರ ಬೆಳಿಗ್ಗೆ ಕಾರು ಬಂತು. ನಾನು ಬೇಕೆಂದೇ ಅದನ್ನು ಬೀದಿಯ ಮಧ್ಯಕ್ಕೆ ತಂದು ನಿಲ್ಲಿಸಿದೆ. ಒಳಗೆ ಹೋಗಿ ಅರಿಶಿನಕ್ಕೆ ಸುಣ್ಣ ಕಲಸಿ, ಚೊಂಬಿಗಲ್ಲ, ದೇವರ ಮನೆಯ ಆರತಿ ತಟ್ಟೆಗೆ ಹಾಕಿ, ಬತ್ತಿ ಹಚ್ಚಿ ತಂದೆ. ಅತ್ತೆ ಕಂಬದ ಹತ್ತಿರ ನಿಂತಿದ್ದರು.

"ತಗೊಳ್ಳಿ, ನೀವು ಬೆಳಗಿ."

"ಬೀದಿಯೋರೆಲ್ಲಾ ನೋಡ್ತಾ ಅವ್ರೆ ಕಣಮ್ಮ."

"ನೋಡ್ಲಿ ಅಂತಾನೇ ಬೀದೀಲಿ ನಿಲ್ಸಿರೋದು!"

ಕಿಟಕಿಗಳಿಗೆಲ್ಲ ಕೇಳಿಸುವಷ್ಟು ಜೋರಾಗಿಯೇ ಅಂದೆ. ನನ್ನ ಬಾಯಿ ಒಂದು ಒಳ್ಳೆಯ ಕೆಲಸಕ್ಕೆ ಬಂದದ್ದು ಆವತ್ತು. ಅತ್ತೆ ಸೆರಗು ಹೊದ್ದು ಇಳಿದು ಬಂದರು. ಮೂರು ಸಲ ಬೆಳಗಿದರು. ತಟ್ಟೆಯ ನೀರು ಅಂಚಿಗೆ ಬಂದು ಹೋಗುತ್ತಿತ್ತು. ನೀರನ್ನು ಮುಂದಿನ ಚಕ್ರಗಳ ನಡುವೆ ಚೆಲ್ಲಿ, "ಸುಣ್ಣ ಕಮ್ಮಿ ಹಾಕಿದ್ದೀಯ, ಬಣ್ಣ ಏಳ್ಲಿಲ್ಲ," ಎಂದು ನನ್ನನ್ನೇ ಗದರಿಸಿ ಒಳಗೆ ಹೋದರು. ಕಾರನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿದೆ.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಬೀದಿಯಲ್ಲಿ ಆ ಕೆಂಪಿನ ಹತ್ತಿರ ಬಗ್ಗಿದೆ. ಹಿಂದಿನಿಂದ ಅತ್ತೆ, "ಮುಟ್ಬೇಡ್ವೇ!" ಎಂದು ಕೂಗಿದರು. ಮುಟ್ಟಿದೆ. ಒಣಗಿತ್ತು, ಬೆರಳಿಗೆ ಬರೀ ಪುಡಿ. ಮೂಸಿದೆ, ಅರಿಶಿನ. ಕಾರಿನ ಕೆಳಗೂ ನೋಡಿದೆ, ಒಣನೆಲ. ಬೈಯಲು ಏನೂ ಉಳಿದಿರಲಿಲ್ಲ.